ಧರ್ಮರಾಯನೊಳಗಿನ ಹಳದಿ ಅಕ್ಕ

ಹೊಸಪೇಟೆಯ ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೆಯ ತಗಡಿನ ಬಿಸ್ಕತ್ತು ಡಬ್ಬಿ ಇದೆ. ಮುಚ್ಚಳ ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಒಣಗಿದ ಸಗಣಿಯ ವಾಸನೆ. ಅದರ ಬೆನ್ನಿಗೇ ತುಕ್ಕು ಹಿಡಿದ ಬಕೆಟ್ಟಿನಂಥ ಕಬ್ಬಿಣದ ವಾಸನೆ. ಇನ್ನೂ ಸ್ವಲ್ಪ ತಾಳ್ಮೆಯಿಂದ ಮೂಗನ್ನು ಪೂರ್ತಿ ಡಬ್ಬಿಯೊಳಗೆ ಇಳಿಸಿದರೆ ಎಲ್ಲೋ ತಳದಲ್ಲಿ ಹೊಸ ಆಟಿಕೆಯ ಪ್ಲಾಸ್ಟಿಕ್ಕಿನ ವಾಸನೆ ಸಿಕ್ಕೀತು. ಸಿಗದೆಯೂ ಇದ್ದೀತು, ನನಗಂತೂ ಸಿಗುತ್ತದೆ. ನನ್ನ ಗಂಡ ಪ್ರತಿ ಯುಗಾದಿಗೆ ಮನೆ ತೊಳೆಯುವಾಗ ಈ ಡಬ್ಬಿಯನ್ನು ಬಾಗಿಲ ತನಕ ಒಯ್ದು ನನ್ನ ಮುಖ ನೋಡುತ್ತಾರೆ. ನಾನು ಅವರ ಮುಖ ನೋಡುತ್ತೇನೆ. ಡಬ್ಬಿ ಮತ್ತೆ ಅಟ್ಟಕ್ಕೆ ಹೋಗುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ, ನಾಲ್ಕು ಜನ ಬುದ್ಧಿವಂತೆ ಎಂದು ನಂಬಿರುವ ಹೆಂಗಸೊಬ್ಬಳು ಗೇಣುದ್ದದ ಸಗಣಿಯ ಮುದ್ದೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಕಾಪಾಡಿಕೊಂಡಿದ್ದಾಳೆ ಎಂದರೆ ನಗು ಬರುವುದು ಸಹಜ. ನಗಿ. ನಾನೂ ನಗುತ್ತಲೇ ಹೇಳಲು ಕೂತಿದ್ದೇನೆ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಇದ್ದದ್ದು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಅಂಚಿಗೆ. ಮಣ್ಣಿನ ಮಾಳಿಗೆಯ ಮನೆ. ದಪ್ಪ ಗೋಡೆ, ಮುಂದೆ ಕಟ್ಟೆ, ಪಕ್ಕಕ್ಕೆ ದನದ ಕೊಟ್ಟಿಗೆ, ಅದರ ಹಿಂದೆ ಕಣ. ಕಟ್ಟೆಯ ಮೇಲೆ ಕೂತು ಕಾಲು ಚಾಚಿದರೆ ಲಾರಿಯ ಗಾಲಿಗೆ ತಾಗುತ್ತದೆ ಎಂದು ಅಮ್ಮ ಹೆದರಿಸುತ್ತಿದ್ದಳು. ಅವು ಗಣಿಯ ದಿನಗಳು. ಯಶವಂತನಗರದ ಕಡೆಯಿಂದ ಅದಿರು ತುಂಬಿಕೊಂಡ ಲಾರಿಗಳು ಒಂದರ ಬಾಲ ಒಂದು ಮೂಸುತ್ತ ಹಗಲಿಡೀ ಬರುತ್ತಿದ್ದವು. ಅವು ಎಬ್ಬಿಸುವ ಕೆಂಪು ಧೂಳು ಮನೆಯ ಒಬ್ಬ ಸದಸ್ಯನಾಗಿಬಿಟ್ಟಿತ್ತು. ರೊಟ್ಟಿ ಕೆಂಪು, ಹಾಸಿಗೆ ಕೆಂಪು, ಮೊಸರಿನ ಕೆನೆ ಕೆಂಪು, ನನ್ನ ಶಾಲೆಯ ಬಿಳಿ ಅಂಗಿ ಎಷ್ಟು ತೊಳೆದರೂ ಗುಲಾಬಿ. ಊರಿನಲ್ಲಿ ಯಾರಾದರೂ ಬೆಳ್ಳಗೆ ಕಂಡರೆ ಹೊರಗಿನವರು ಬಂದರೆಂದು ನಾಯಿ ಬೊಗಳುತ್ತಿದ್ದವು. ಹೊಲದಲ್ಲಿ ಬೆಳೆದ ಜೋಳಕ್ಕಿಂತ ಹೊಲದಲ್ಲಿ ನಿಂತ ಲಾರಿಯೇ ವಾಸಿ ಎಂದು ಎಲ್ಲರಿಗೂ ಅರಿವಾಗಿದ್ದ ಕಾಲ ಅದು. ಅಪ್ಪ ಎತ್ತು ಮಾರಿದ, ಎಮ್ಮೆ ಮಾರಿದ, ಕಣವನ್ನು ಲಾರಿ ನಿಲ್ಲಿಸಲು ಬಾಡಿಗೆಗೆ ಕೊಟ್ಟ. ಗೌರಿ ಎಂಬ ಆಕಳನ್ನೂ ಮಾರುವವನಿದ್ದ. ಆದರೆ ಅಜ್ಜಿ ಕೊಟ್ಟಿಗೆಯ ಬಾಗಿಲಲ್ಲಿ ಎರಡೂ ಕೈ ಸೊಂಟಕ್ಕಿಟ್ಟು ನಿಂತುಬಿಟ್ಟಳು. ಅಪ್ಪನ ತಾಯಿ ಅವಳು; ಆಳು ಗಿಡ್ಡ, ದನಿ ದೊಡ್ಡದು. ಅವಳು ಹಾಗೆ ನಿಂತಳೆಂದರೆ ಅದಿರಿನ ಲಾರಿಯೂ ಹಿಂದಕ್ಕೆ ಸರಿಯಬೇಕು, ನಾನೇ ಕಣ್ಣಾರೆ ನೋಡಿದ್ದೇನೆ. ದನದ ದಲ್ಲಾಳಿ ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋದ. ಗೌರಿ ಉಳಿಯಿತು.

ಅಪ್ಪನ ತಮ್ಮ ಈರಣ್ಣ ಕಾಕಾ ಅದಿರಿನ ಲಾರಿಯ ಡ್ರೈವರ್. ಘಾಟಿ ಇಳಿದು ಮಂಗಳೂರಿನ ಬಂದರಿನಲ್ಲಿ ಅದಿರು ಸುರಿದು ಬರುವುದು ಅವನ ಕೆಲಸ. ಇನ್ನೂ ಮದುವೆಯಾಗಿರಲಿಲ್ಲ, ಹೆಣ್ಣು ನೋಡಲು ಹೋದಲ್ಲೆಲ್ಲ ಕಿವಿಯೊಳಗಿನ ಕೆಂಪು ಧೂಳು ಕಂಡು ಸಂಬಂಧ ಮುರಿಯುತ್ತದೆ ಎಂದು ಅವನೇ ಹೇಳಿ ನಗುತ್ತಿದ್ದ. ಬಂದರಿನ ಹೊರಗೆ ಒಬ್ಬ ಗೋಣಿತಾಟು ಹಾಸಿಕೊಂಡು, ಹಡಗಿನಿಂದ ಇಳಿದ ಸಾಮಾನಿನಲ್ಲಿ ಯಾರಿಗೂ ಬೇಡವಾದದ್ದನ್ನು ಗುಡ್ಡೆ ಹಾಕಿ ಮಾರುತ್ತಿದ್ದನಂತೆ. ಅಲ್ಲಿಂದ ಕಾಕಾ ನನಗೊಂದು ಗೊಂಬೆ ತಂದ. ಅದರ ಹಿಂದಿನ ರಟ್ಟಿನ ಮೇಲೆ ಯಾವುದೋ ಚಿತ್ರಕಥೆಯ ಪುಸ್ತಕದ ಒಂದು ಪುಟವನ್ನೇ ಅಚ್ಚು ಹಾಕಿದ್ದರು. ಐದು ಜನ ವೀರರು ಸಾಲಾಗಿ ನಿಂತಿದ್ದರು, ಅವರಲ್ಲಿ ಒಬ್ಬನೇ ನನ್ನ ಕೈಗೆ ಬಂದಿದ್ದ. ಅಕ್ಷರ ಮಾತ್ರ ಇಂಗ್ಲಿಷೂ ಅಲ್ಲ, ಹಿಂದಿಯೂ ಅಲ್ಲ. ನಮ್ಮ ಟ್ಯೂಷನ್ ಮೇಷ್ಟ್ರು ತಲೆಕೆಳಗು ಮಾಡಿ ಓದಿದರೂ ಹತ್ತಲಿಲ್ಲ. ನಮ್ಮ ಗುಡ್ಡ ಅದಿರಾಗಿ ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು, ಬದಲಿಗೆ ಚೀನಾ ನನಗೆ ಗೊಂಬೆ ಕಳಿಸಿತು. ಈ ವ್ಯಾಪಾರದಿಂದ ನಮ್ಮ ಸೀಮೆಗೆ ಲಾಭವಾಯಿತೋ ಇಲ್ಲವೋ ತಿಳಿಯದು, ನನಗಂತೂ ಆಯಿತು.

ಮುಂದಿನ ಟ್ರಿಪ್ಪುಗಳಲ್ಲಿ ಕಾಕಾ ಇನ್ನೂ ಮೂವರನ್ನು ತಂದ. ಹೆಸರು ಗೊತ್ತಿಲ್ಲದ ವೀರರಿಗೆ ಹೆಸರಿಡುವುದು ನಮ್ಮದೇ ಪಾಲಿಗೆ ಬಂತು. ಮೊದಲು ಬಂದವನ ಬಲಗೈ ಇರಬೇಕಾದಲ್ಲಿ ಗುಡ್ಡ ಕೊರೆಯುವ ಡ್ರಿಲ್ ಇತ್ತು, ಅವನು ಡ್ರಿಲ್ಲಪ್ಪನಾದ. ಎರಡನೆಯವನ ಬೆನ್ನಿಗೆ ಬಿಚ್ಚಿದ ಛತ್ರಿ; ಛತ್ರೆಪ್ಪ. ಮೂರನೆಯವನು ಹಸಿರು, ದೊಡ್ಡ ಬಾಯಿ, ಬೆರಳಿನ ತುದಿ ಗುಂಡಗೆ, ಕಪ್ಪೆರಾಯ. ನಾಲ್ಕನೆಯವನು ನೀರಿನ ಹಂಡೆಯಂತಿದ್ದು ಹೊಟ್ಟೆಗೊಂದು ಮುಚ್ಚಳವಿತ್ತು, ಹಂಡೆಪ್ಪ. ಅವರ ಶಕ್ತಿಗಳನ್ನು ವರ್ಣಿಸುವ ಹೊಣೆ ಕಾಕಾನದು. ಊಟಕ್ಕೆ ಕೂತಾಗ ಒಂದೊಂದೇ ಬಿಡುತ್ತಿದ್ದ. ಘಾಟಿಯಲ್ಲಿ ಬ್ರೇಕ್ ಕೈಕೊಟ್ಟಾಗ ಛತ್ರೆಪ್ಪ ಛತ್ರಿ ಬಿಚ್ಚಿ ಲಾರಿಯನ್ನು ಹೂವಿನ ಹಾಗೆ ಇಳಿಸುತ್ತಿದ್ದ. ಕಪ್ಪೆರಾಯ ಚೆಕ್‌ಪೋಸ್ಟನ್ನು ಒಂದೇ ನೆಗೆತಕ್ಕೆ ದಾಟುತ್ತಿದ್ದ. "ಹಂಡೆಪ್ಪನ ಹೊಟ್ಟಿ ನೋಡು ಗಿರಿಜಕ್ಕಾ," ಎಂದು ಕಾಕಾ ನನ್ನ ಕಡೆ ತಿರುಗಿ ರೊಟ್ಟಿ ಮುರಿಯುತ್ತಿದ್ದ, "ಇಡೀ ಗುಡ್ಡ ತುಂಬಿದ್ರೂ ಓವರ್‌ಲೋಡ್ ಆಗಂಗಿಲ್ಲ. ಇಂಥದ್ದೊಂದು ಲಾರಿ ಇದ್ದಿದ್ರ ನಾ ಇಷ್ಟೊತ್ತಿಗೆ ಸಾಹುಕಾರ ಆಗಿರ್ತಿದ್ದೆ." ಲೋಕದ ಯಾವ ಮೂಲೆಯಲ್ಲೋ ಯಾರೋ ಕೂತು ಬರೆದ ಕಥೆಯಲ್ಲಿ ಇವರು ಏನೇನು ಸಾಹಸ ಮಾಡಿದ್ದರೋ, ನಮ್ಮ ಮನೆಯಲ್ಲಿ ಎಲ್ಲರೂ ಲಾರಿ ಲೈನಿಗೆ ಸೇರಿಕೊಂಡರು.

ಐದನೆಯವಳು ರಟ್ಟಿನಲ್ಲಿ ಮಾತ್ರ ಇದ್ದಳು. ಹಳದಿ ಅಂಗಿ, ಹಳದಿ ಬೂಟು, ಕೈಯಲ್ಲಿ ಆಯುಧವಿಲ್ಲ, ಬೆನ್ನಿಗೆ ರೆಕ್ಕೆಯಿಲ್ಲ. ಎರಡೂ ಕೈ ಸೊಂಟಕ್ಕಿಟ್ಟು ನಾಲ್ವರ ನಡುವೆ ನಿಂತಿದ್ದಳು. ಹತ್ತಿರದಿಂದ ನೋಡಿದರೆ ನಾಲ್ವರೂ ಅವಳ ಕಡೆಗೇ ಓರೆಗಣ್ಣಿನಿಂದ ನೋಡುತ್ತಿದ್ದರು, ಅವಳು ಹೂಂ ಎಂದರೆ ಮಾತ್ರ ಹೊರಡುವವರಂತೆ. ಅವಳಿಗೆ ನಾನು ಹಳದಿ ಅಕ್ಕ ಎಂದು ಹೆಸರಿಟ್ಟೆ, ಅವಳೇ ಇವರಿಗೆಲ್ಲ ಹಿರಿಯಳು ಎಂದು ತೀರ್ಮಾನಿಸಿದೆ. ಅವಳು ಬೇಕೇಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಕಣ ಬಾಡಿಗೆಗೆ ಹಿಡಿದಿದ್ದ ಗಣಿ ಗುತ್ತಿಗೆದಾರರ ಮಗ ಪ್ರೀತಮ್ ನನ್ನದೇ ಕ್ಲಾಸಿನವನು. ಅವನ ಹತ್ತಿರ ಬೆಂಗಳೂರಿನಿಂದ ತಂದ, ಟಿವಿಯಲ್ಲಿ ಬರುವ, ಎಲ್ಲರಿಗೂ ಹೆಸರು ಗೊತ್ತಿರುವ ವೀರರಿದ್ದರು. ನನ್ನವರನ್ನು ನೋಡಿ, "ಇವ್ರೆಲ್ಲಾ ಡುಪ್ಲಿಕೇಟ್. ಟೀಮ್ ಆದ್ರ ಐದೂ ಜನ ಇರ್ಬೇಕಲ್ಲ? ಐದನೇದು ತಗೊಂಬಾ, ಆಮ್ಯಾಲೆ ಆಟಕ್ಕ ಸೇರಸ್ತೀನಿ," ಎಂದಿದ್ದ. ನಾಲ್ವರನ್ನು ಚೀಲದಲ್ಲಿಟ್ಟುಕೊಂಡು ಗೇಟಿನ ಬಳಿ ನಿಂತು ಅವರ ಆಟ ನೋಡುವುದು ಎಂಥ ಅವಮಾನ ಎಂದು ನಿಮಗೆ ಹೇಳಬೇಕಾಗಿಲ್ಲ. ನೀವೂ ಎಲ್ಲೋ ಒಂದು ಗೇಟಿನ ಬಳಿ ನಿಂತವರೇ ಇರುತ್ತೀರಿ. ಕಾಕಾ ಪ್ರತಿ ಟ್ರಿಪ್ಪಿಗೆ ಹೊರಡುವಾಗ ಲಾರಿಯ ಬಾಗಿಲು ಹಿಡಿದು ನೇತಾಡುತ್ತಿದ್ದೆ. "ಹುಡುಕ್ತೀನಿ ಬಿಡವ್ವಾ, ನನಗ ಹೆಣ್ಣು ಹುಡುಕಿದ್ಕಿಂತ ಹೆಚ್ಚು ಹುಡುಕಾಕತ್ತೀನಿ ಆಕೀನ್ನ," ಎನ್ನುತ್ತಿದ್ದ.

ಇನ್ನು ಪಾಂಡವರ ವಿಷಯ. ನಮ್ಮ ಕಡೆ ದೀಪಾವಳಿಯ ಪಾಡ್ಯದ ದಿನ ಹೆಂಗಸರು ಸಗಣಿಯಿಂದ ಐದು ಜನ ಪಾಂಡವರನ್ನು ಮಾಡಿ, ತಲೆಗೆ ಚೆಂಡು ಹೂ ಮುಡಿಸಿ, ಉತ್ತರಾಣಿ ಕಡ್ಡಿ ಸಿಗಿಸಿ ಬಾಗಿಲಲ್ಲಿ ಇಡುತ್ತಾರೆ. ಪೂಜೆ, ಆರತಿ ಎಲ್ಲ ಆದ ಮೇಲೆ ಸಂಜೆ ಅವರನ್ನು ಮಾಳಿಗೆಯ ಮೇಲೆ ಹತ್ತಿಸಿ ಬಿಡುವುದು ನಮ್ಮ ಮನೆಯ ಪದ್ಧತಿ. ನಿಮ್ಮ ಮನೆಯಲ್ಲೂ ಇದ್ದಿರಬಹುದು. ಅಜ್ಜಿಯ ಪಾಂಡವರೆಂದರೆ ಓಣಿಯಲ್ಲಿ ಹೆಸರುವಾಸಿ. ಬೇರೆಯವರದು ಮುಷ್ಟಿಯಷ್ಟಿದ್ದರೆ ಅವಳದು ಗೇಣುದ್ದ. ಆದರೆ ಗಣಿ ಶುರುವಾದ ಮೇಲೆ ಅವಳ ಕೀರ್ತಿಗೆ ಕುತ್ತು ಬಂತು. ಧೂಳು ಕೂತ ಹುಲ್ಲು ತಿಂದು ಗೌರಿ ಹಾಕುವ ಸಗಣಿಯೂ ಕೆಂಪಾಗಿ, ಕೈಗೆ ಹರಳು ಹತ್ತಿ, ಅಂಟು ಹೋಗಿತ್ತು. ಹಿಂದಿನ ವರ್ಷ ಆರತಿಯ ಹೊತ್ತಿಗೇ ಭೀಮ ಎರಡು ಹೋಳಾಗಿ ಅರ್ಜುನನ ಮೇಲೆ ಬಿದ್ದಿದ್ದ. ಎದುರು ಮನೆಯ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದನ್ನು ಅಜ್ಜಿ ಇಡೀ ವರ್ಷ ಮರೆಯಲಿಲ್ಲ.

ಆದ್ದರಿಂದ ಈ ಸಲ ಕಂಪ್ಲಿಯಿಂದ ಸಗಣಿ ತರಬೇಕೆಂದು ಅವಳ ಅಪ್ಪಣೆಯಾಯಿತು. ಕಂಪ್ಲಿ ಅಜ್ಜಿಯ ತವರು. ಅಲ್ಲಿ ಹೊಳೆ ಇದೆ, ಕಾಲುವೆ ಇದೆ, ದನಗಳು ಧೂಳಿಲ್ಲದ ಭತ್ತದ ಹುಲ್ಲು ತಿನ್ನುತ್ತವೆ; ಅಲ್ಲಿನ ಸಗಣಿಗೆ ಬೆಣ್ಣೆಯ ನುಣುಪು ಎನ್ನುವುದು ಅವಳ ವಾದ. ತವರಿನ ಹೊಗಳಿಕೆಯಲ್ಲಿ ಹೆಣ್ಣುಮಕ್ಕಳು ಎಲ್ಲಿಯ ತನಕ ಹೋಗಬಲ್ಲರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕಣದಲ್ಲಿ ಲಾರಿ ನಿಲ್ಲಿಸಿಕೊಂಡು ಊರಿಗೆಲ್ಲ ದೊಡ್ಡ ಮನುಷ್ಯನಾಗಿದ್ದ ಅಪ್ಪ, ಬಕೆಟ್ಟಿನಲ್ಲಿ ಸಗಣಿ ತುಂಬಿ ಮೇಲೆ ಬಾಳೆಎಲೆ ಮುಚ್ಚಿಕೊಂಡು ಕಂಪ್ಲಿಯಿಂದ ವಾಪಸು ಬಸ್ಸು ಹತ್ತಬೇಕಾಯಿತು. ಕಂಡಕ್ಟರು, "ಏನ್ರಿ ಅದು, ವಾಸನಿ ಬರಾಕತ್ತೈತಿ?" ಎಂದ. ಅಪ್ಪ ಸುಳ್ಳು ಹೇಳುವವನಲ್ಲ, "ಪಾಂಡವ್ರುರಿ," ಎಂದ. "ಹಂಗಾದ್ರ ಐದು ಟಿಕೀಟ್ ತಗೋರಿ," ಎಂದನಂತೆ ಕಂಡಕ್ಟರು. ಬಸ್ಸಿಗೆ ಬಸ್ಸೇ ನಕ್ಕಿತು. ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ಹಬ್ಬದ ನೂಕುನುಗ್ಗಲಿನಲ್ಲಿ ಯಾರದೋ ಟ್ರಂಕು ಬಕೆಟ್ಟಿಗೆ ಬಡಿದು ಅರ್ಧ ಸಗಣಿ ಪ್ಲಾಟ್‌ಫಾರಮ್ಮಿನ ಪಾಲಾಯಿತು. ಉಳಿದರ್ಧ ಹೊತ್ತು ಮನೆಗೆ ಬಂದ ಅಪ್ಪ ನೆಟ್ಟಗೆ ಬಚ್ಚಲಿಗೆ ಹೋದ. ಅಜ್ಜಿ ಬಕೆಟ್ಟಿನೊಳಗೆ ಬಗ್ಗಿ ನೋಡಿ, "ಇಷ್ಟ್ರಾಗ ನಕುಲ ಸಹದೇವ ಆದ್ರ ಭಾಳಾತು," ಎಂದಳು.

ಪಾಡ್ಯದ ಬೆಳಿಗ್ಗೆ ಅಮ್ಮ ನನ್ನನ್ನು ಉತ್ತರಾಣಿ ಕಡ್ಡಿ, ಚೆಂಡು ಹೂ ತರಲು ಹೊಲದ ಕಡೆ ಕಳಿಸಿದಳು. ಬರುವಷ್ಟರಲ್ಲಿ ಬಾಗಿಲಲ್ಲಿ ಐದು ಜನ ಪಾಂಡವರು ಸಿದ್ಧರಾಗಿದ್ದರು. ಎಂಥ ಪಾಂಡವರು! ಒಬ್ಬೊಬ್ಬರೂ ಗೇಣಿಗಿಂತ ಮೇಲೆ, ನೆಟ್ಟಗೆ, ಎದೆಯುಬ್ಬಿಸಿ ನಿಂತಿದ್ದರು. ಕೊನೆಯ ಧರ್ಮರಾಯ ಮಾತ್ರ ಬಣ್ಣದಲ್ಲಿ ಕೊಂಚ ಕೆಂಪು, ಆದರೆ ಎಲ್ಲರಿಗಿಂತ ಗಟ್ಟಿ. ನಾನು ಹೂವಿನ ಬುಟ್ಟಿ ಇಳಿಸಿ, ನನ್ನ ವೀರರಿಗೂ ಹಬ್ಬದ ದಿನ ಒಂದೊಂದು ಚೆಂಡು ಹೂ ಇಡೋಣವೆಂದು ಅವರನ್ನು ಇಡುತ್ತಿದ್ದ ಗೋಡೆಯ ಗೂಡಿನ ಕಡೆ ಓಡಿದೆ. ಗೂಡು ಖಾಲಿ. ಹಾಸಿಗೆ ಕೊಡವಿದೆ, ಜೋಳ ತುಂಬಿಡುವ ವಾಡೆಯೊಳಗೆ ತಲೆ ಹಾಕಿದೆ, ಕಣಕ್ಕೆ ಹೋಗಿ ಲಾರಿಗಳ ಕೆಳಗೆಲ್ಲ ತೆವಳಿದೆ. ಹಬ್ಬಕ್ಕೆಂದು ತಲೆಗೆರೆದ ಕೂದಲು ಮತ್ತೆ ಕೆಂಪಾಯಿತು. ಅಜ್ಜಿಯನ್ನು ಕೇಳಿದರೆ, "ಎಲ್ಲಿಗೂ ಹೋಗಿಲ್ಲ, ಮನ್ಯಾಗ ಅದಾರ," ಎಂದು ಆರತಿ ತಟ್ಟೆಗೆ ಬತ್ತಿ ಹೊಸೆಯುತ್ತ ಕೂತಳು.

ಆರತಿಗೆ ಓಣಿಯ ಹೆಂಗಸರೆಲ್ಲ ಸೇರಿದರು. ಸಿಹಿಯ ಡಬ್ಬಿ ಕೊಡಲು ಪ್ರೀತಮ್ ತನ್ನ ತಾಯಿಯ ಜೊತೆ ಕಾರಿನಲ್ಲಿ ಬಂದಿದ್ದ. ಎದುರು ಮನೆಯವಳೂ ಬಂದು, "ಏನ್ ಗಟ್ಟಿ ನಿಂತಾರ್ರಿ ಈ ಸಲ!" ಎಂದು ಒಪ್ಪಿಕೊಳ್ಳಲೇಬೇಕಾಯಿತು. ಅಜ್ಜಿಯ ಮುಖ ನೋಡಬೇಕಿತ್ತು. ಹಾಡು ಶುರುವಾಯಿತು, ನಾನು ಕಣ್ಣೊರೆಸಿಕೊಂಡು ಕೈ ಮುಗಿದೆ. ಮುಗಿದ ಕೈ ಹಾಗೇ ನಿಂತಿತು. ನಕುಲನ ಪಕ್ಕೆಯಿಂದ ಒಂದು ಹಸಿರು ಬೆರಳು ಹೊರಗೆ ಬಂದಿತ್ತು, ತುದಿ ಗುಂಡಗೆ. ಭೀಮನನ್ನು ನೋಡಿದೆ, ಗದೆ ಇರಬೇಕಾದಲ್ಲಿ ಡ್ರಿಲ್ಲಿನ ಮೊನೆ. ನನಗೇ ಗೊತ್ತಿಲ್ಲದೆ "ಕಪ್ಪೆರಾಯಾ!" ಎಂದು ಕಿರುಚಿದೆ. ಹಾಡು ನಿಂತಿತು. ಹುಡುಗಿಗೆ ಮೈಮೇಲೆ ಬಂತು ಎಂದು ಯಾರೋ ನನ್ನ ಹಣೆಗೆ ವಿಭೂತಿ ಬಳಿದರು, ಇನ್ನಾರೋ ನೀರು ಚಿಮುಕಿಸಿದರು. ಈ ಕಪ್ಪೆರಾಯ ಯಾವ ಊರಿನ ದೇವರು ಎಂದು ಒಬ್ಬಳು ಭಕ್ತಿಯಿಂದ ವಿಚಾರಿಸಿದಳು. ಪ್ರೀತಮ್ ಮಾತ್ರ ನಕುಲನ ಬೆರಳನ್ನೇ ನೋಡುತ್ತ ನಿಂತಿದ್ದ.

ಹೆಂಗಸರೆಲ್ಲ ಹೋದ ಮೇಲೆ ವಿಷಯ ಹೊರಬಿತ್ತು. ಸಗಣಿ ಸಾಲದು, ಸಣ್ಣ ಪಾಂಡವರನ್ನು ಇಡಲು ಅಜ್ಜಿಗೆ ಮನಸ್ಸಿಲ್ಲ. ಗೂಡಿನಲ್ಲಿದ್ದ ನನ್ನ ವೀರರನ್ನು ಒಳಗೆ ನಿಲ್ಲಿಸಿ ಮೇಲೆ ತೆಳ್ಳಗೆ ಸಗಣಿ ಮೆತ್ತಿದರೆ ಕಡಿಮೆಯಲ್ಲೇ ಎತ್ತರದವರಾಗುತ್ತಾರೆ ಎಂದು ಹೊಳೆದಿದೆ. "ಎಲುಬಿಲ್ದ ಮೈ ನಿಂದ್ರತೈತೇನು? ನಿನ್ನ ಗೊಂಬಿಗೂ ಪುಣ್ಯ ಬಂತು ಹೋಗು," ಎಂದಳು. ಅಲ್ಲ, ನಾಲ್ಕೇ ಜನ ಇದ್ದರಲ್ಲ, ಐದನೆಯವನು ಹೇಗೆ ನಿಂತ ಎಂದು ನಾನು ಬಿಕ್ಕುತ್ತ ಕೇಳಿದೆ. ಅಜ್ಜಿ ಸಲೀಸಾಗಿ ಹೇಳಿದಳು: "ಮುಂಜಾನಿ ನಿಮ್ಮ ಕಾಕಾ ಬಂದು ಇನ್ನೊಂದು ಕೊಟ್ಟ, ಅರಿಶಿಣ ಬಣ್ಣದ್ದು. ದೇವ್ರೇ ಕಳಿಸಿದಂಗಾತು. ಸಗಣಿ ತೀರಾಕ ಬಂದಿತ್ತು, ಉಳಿದಿದ್ದಕ್ಕ ಕಣದಾಗಿನ ಅದಿರಿನ ಕೆಸರು ಕಲಸಿ ಮೆತ್ತೀನಿ."

ನಾನು ಬಾಗಿಲಿಗೆ ಓಡಿ ಧರ್ಮರಾಯನ ಮುಂದೆ ಕೂತೆ. ಬಂದರಿನಿಂದ ಘಾಟಿ ಹತ್ತಿ, ಇಷ್ಟು ದಿನ ಕಾಯಿಸಿ, ಹಳದಿ ಅಕ್ಕ ನಮ್ಮ ಮನೆಗೆ ಬಂದಿದ್ದಳು. ನಾನು ಅವಳ ಮುಖ ನೋಡುವ ಮೊದಲೇ ಧರ್ಮರಾಯನಾಗಿ ನಿಂತುಬಿಟ್ಟಿದ್ದಳು. ಬುಡದಲ್ಲಿ ಹಳದಿ ಬೂಟಿನ ತುದಿಗಳು ಮಾತ್ರ ಕಾಣುತ್ತಿದ್ದವು. ನಿದ್ದೆಯಿಂದೆದ್ದು ಬಂದ ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಯವ್ವಾ, ಧರ್ಮರಾಯನೊಳಗ ಹೆಣ್ಣು ಇಟ್ಟೀಯಲ್ಲ!" ಎಂದ. ಅಜ್ಜಿ ಸೊಂಟಕ್ಕೆ ಕೈಯಿಟ್ಟಳು. "ಇಟ್ರ ಏನಾತು? ಮನಿ ಧರ್ಮ ನಡಸೋರು ಯಾರು ಮತ್ತ, ನೀನೇನು?" ನಾನು ಧರ್ಮರಾಯನನ್ನು ಒಡೆಯಲು ಕೈ ಚಾಚಿದೆ. ಆಗ ಮಾತ್ರ ಅಜ್ಜಿಯ ದನಿ ಇಳಿಯಿತು. "ಬ್ಯಾಡವ್ವ. ಪೂಜಿ ಆದ ದೇವ್ರನ್ನ ಕೈಯಾರೆ ಒಡದ್ರ ಮನಿ ಒಡೀತೈತಿ. ಬಿಸಿಲಿಗೆ, ಮಳಿಗೆ ತಾವಾಗೇ ಕರಗಿ ಬರ್ಲಿ. ಬರ್ತಾರ, ಕಾಯಿ." ಸಂಜೆ ಐವರೂ ಮಾಳಿಗೆ ಹತ್ತಿದರು.

ಕಾಯುವುದು ನನ್ನ ಕೆಲಸವಾಯಿತು. ಶಾಲೆಯಿಂದ ಬಂದವಳೇ ಏಣಿ ಹತ್ತಿ ಕೂರುತ್ತಿದ್ದೆ. ಮಳೆ ಬರಲೆಂದು ನಾನು ದೇವರ ಮುಂದೆ ದೀಪ ಹಚ್ಚಿದರೆ, ಮಳೆ ಬಂದರೆ ಗಣಿಯ ದಾರಿ ಕೆಸರಾಗಿ ಲಾರಿ ನಿಲ್ಲುತ್ತವೆ ಎಂದು ಕಾಕಾ ಅದೇ ದೇವರಿಗೆ ಇನ್ನೊಂದು ದೀಪ ಹಚ್ಚುತ್ತಿದ್ದ. ದೇವರು ನಡುವಿನ ದಾರಿ ಹಿಡಿದು ಆಗೊಮ್ಮೆ ಈಗೊಮ್ಮೆ ನಾಲ್ಕು ಹನಿ ಉದುರಿಸಿದ. ಮೊದಲು ನಕುಲ ಕರಗಿ ಕಪ್ಪೆರಾಯ ಹೊರಬಂದ. ಸಹದೇವನೊಳಗಿನ ಛತ್ರೆಪ್ಪನನ್ನು ಗೊದ್ದದ ಇರುವೆಗಳು ಮಣ್ಣು ಕೊರೆದು ಬಿಡಿಸಿಕೊಟ್ಟವು. ಅರ್ಜುನ ಬಿಸಿಲಿಗೆ ಬಿರಿದು ಹಂಡೆಪ್ಪನನ್ನು ಒಪ್ಪಿಸಿದ. ಭೀಮನದೇ ಒಂದು ಕಥೆ. ಹಂಪಿಯ ಕಡೆಯ ಮಂಗಗಳ ಗುಂಪೊಂದು ಆಗೀಗ ನಮ್ಮೂರಿಗೂ ಬರುತ್ತಿತ್ತು. ಅದರಲ್ಲೊಂದು ಗಡವ ಭೀಮನನ್ನು ತಿನ್ನುವ ವಸ್ತುವೆಂದು ಎತ್ತಿಕೊಂಡು, ಕಚ್ಚಿ ನೋಡಿ, ಸಿಟ್ಟಿನಿಂದ ಲಾರಿಯೊಂದರ ಬಾನೆಟ್ಟಿನ ಮೇಲೆ ಎಸೆಯಿತು. ಡ್ರಿಲ್ಲಪ್ಪ ಗಾಯವಿಲ್ಲದೆ ಪಾರಾದ. ನನಗೆ ಬುದ್ಧಿ ಹೊಳೆಯಿತು. ಮರುದಿನ ಅಡುಗೆಮನೆಯಿಂದ ಬಾಳೆಹಣ್ಣು ಕದ್ದು, ಸಿಪ್ಪೆ ಸುಲಿದು, ಧರ್ಮರಾಯನ ಮೈಗೆಲ್ಲ ಹಣ್ಣು ಸವರಿ ಕೂತೆ. ಮಂಗ ಬರಲಿಲ್ಲ, ಅಜ್ಜಿ ಬಂದಳು. "ಮಂಗ್ಯಾ ಒಡದ್ರ ನಮ್ಮ ತಪ್ಪೇನೈತಿ ಅಜ್ಜಿ?" ಎಂದೆ. "ಮಂಗ್ಯಾಂದು ತಪ್ಪಿಲ್ಲ. ಮಂಗ್ಯಾಗ ಊಟಕ್ಕ ಕರದಾಕೀದು ತಪ್ಪು," ಎಂದು ಕಿವಿ ಹಿಂಡಿ, ಧರ್ಮರಾಯನ ಮೈ ಒರೆಸಿ, ಬೆಳಕಿಂಡಿಯ ತಗಡಿನ ಕೆಳಗೆ, ಮಂಗನ ಕೈಗೂ ಮಳೆಯ ಹನಿಗೂ ಸಿಗದ ಮೂಲೆಯಲ್ಲಿ ಇಟ್ಟಳು. ನನ್ನ ಕಳ್ಳಬುದ್ಧಿಯಿಂದಲೇ ಹಳದಿ ಅಕ್ಕ ಇನ್ನಷ್ಟು ದೂರವಾದಳು.

ಪ್ರೀತಮ್ ಒಂದು ಭಾನುವಾರ ತಾನಾಗಿಯೇ ಬಂದ. ಏಣಿ ಹತ್ತಿ ಬಂದು ನಾಲ್ವರನ್ನು ನೋಡಿದ, ತಗಡಿನ ಕೆಳಗೆ ಬಗ್ಗಿ ಹಳದಿ ಬೂಟಿನ ತುದಿ ನೋಡಿದ. ಐದಾಯಿತೋ ಇಲ್ಲವೋ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. "ಆತು. ಆದ್ರ ಆಕಿ ದೇವ್ರಾಗ್ಯಾಳಲ್ಲ, ಆಟಕ್ಕ ಹೆಂಗ ಕರಿಯೋದು?" ಎಂದವನೇ ಚಪ್ಪಲಿ ಬಿಟ್ಟು ಕೈ ಮುಗಿದ. ತನ್ನ ಚೀಲದಲ್ಲಿದ್ದ ಪ್ರಸಿದ್ಧ ವೀರರನ್ನೆಲ್ಲ ತೆಗೆದು ಧರ್ಮರಾಯನ ಮುಂದೆ ಸಾಲಾಗಿ ನಿಲ್ಲಿಸಿದ. ಅಂದಿನಿಂದ ಆಟ ನಮ್ಮ ಮಾಳಿಗೆಯ ಮೇಲೇ ನಡೆಯಿತು. ಯಾರು ಗೆದ್ದರೂ ಕೊನೆಗೆ ತಗಡಿನ ಕೆಳಗಿದ್ದವಳ ಅಪ್ಪಣೆ ಕೇಳಬೇಕೆಂಬುದು ನಿಯಮ. ಅಜ್ಜಿ ಕೆಳಗಿನಿಂದ, "ಮಾಳಿಗಿ ಕೆಡವಬ್ಯಾಡ್ರಿ ಲೇ," ಎಂದು ಕೂಗುತ್ತಿದ್ದಳು. ಧೂಳಿನ ಆಚೆ ಸಂಡೂರಿನ ಗುಡ್ಡಗಳು ಕಾಣುತ್ತಿದ್ದವು. ನನ್ನ ಬಾಲ್ಯದಲ್ಲಿ ನಾನು ಪೂರ್ತಿ ಸುಖವಾಗಿದ್ದ ದಿನಗಳು ಯಾವುವೆಂದು ಯಾರಾದರೂ ಕೇಳಿದರೆ ಆ ಭಾನುವಾರಗಳನ್ನೇ ತೋರಿಸುತ್ತೇನೆ.

ಮುಂದಿನ ದೀಪಾವಳಿಗೆ ಅಜ್ಜಿ ಇರಲಿಲ್ಲ. ಬೇಸಿಗೆಯಲ್ಲೇ ಅವಳಿಗೆ ಕೆಮ್ಮು ಹತ್ತಿತ್ತು. ಊರಿಗೆಲ್ಲ ಇದ್ದ ಕೆಮ್ಮೇ ತನಗೂ ಇದೆ, ಇದಕ್ಕೇನು ಆಸ್ಪತ್ರೆ ಎಂದು ಜಗಳವಾಡಿದಳು. ಮಲಗಿದಲ್ಲಿಂದಲೇ ಗೌರಿಗೆ ಹುಲ್ಲು ತೊಳೆದು ಹಾಕಲು ಹೇಳುತ್ತಿದ್ದಳು. ನನ್ನನ್ನು ಕಂಡಾಗ, "ಆಕಿ ಬಂದ್ಲೇನು?" ಎಂದು ಕೇಳುತ್ತಿದ್ದಳು. ಇನ್ನೂ ಇಲ್ಲ ಎಂದರೆ, "ನನ್ನ ಕೈ ಕೆಲಸ ಗಟ್ಟಿ ಐತಿ ನೋಡು," ಎಂದು ಆ ನೋವಿನಲ್ಲೂ ಹೆಮ್ಮೆಪಡುತ್ತಿದ್ದಳು. ಅವಳು ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬ ಮಾಡಲಿಲ್ಲ. ಮರುವರ್ಷ ಹಬ್ಬ ಮಾಡಲು ಮನೆಯೇ ಇರಲಿಲ್ಲ. ಲಾರಿಗಳಿಗೆ ಜಾಗ ಸಾಲದೆಂದು ರಸ್ತೆ ಅಗಲ ಮಾಡಲು ಬಂದವರು ನಮ್ಮ ಗೋಡೆಗೆ ಬಣ್ಣದ ಗುರುತು ಹಾಕಿ ಹೋದರು. ನಾನು ಧರ್ಮರಾಯನನ್ನು ಒಡೆದಿರಲಿಲ್ಲ, ಒಡೆಯಲು ಯಾರಿಗೂ ಬಿಟ್ಟಿರಲಿಲ್ಲ. ಆದರೂ ಮನೆ ಒಡೆಯಿತು. ಇದೊಂದು ವಿಷಯದಲ್ಲಿ ಅಜ್ಜಿಯ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಜೆಸಿಬಿ ಬಂದ ಬೆಳಿಗ್ಗೆ ಅಪ್ಪ ಪಾತ್ರೆ ಸಾಗಿಸುತ್ತಿದ್ದ, ಅಮ್ಮ ಗೌರಿಯ ಹಗ್ಗ ಹಿಡಿದು ಅಳುತ್ತಿದ್ದಳು. ನಾನು ಏಣಿ ಹತ್ತಿ ಹಳದಿ ಅಕ್ಕನನ್ನು ಲಂಗದಲ್ಲಿ ಕಟ್ಟಿಕೊಂಡು ಇಳಿದೆ. ಉಳಿದ ನಾಲ್ವರಿದ್ದ ಚೀಲ ಆ ಗದ್ದಲದಲ್ಲಿ ಎಲ್ಲಿ ಹೋಯಿತೋ, ಬಹುಶಃ ನಮ್ಮ ಗೋಡೆಯ ಮಣ್ಣಿನ ಜೊತೆ ರಸ್ತೆಯ ಕೆಳಗೆ ಸೇರಿತು. ಡ್ರಿಲ್ಲಪ್ಪ ಇದ್ದಾನೆ, ಕೊರೆದುಕೊಂಡು ಬಂದಾನು ಎಂದು ಕಾಕಾ ಸಮಾಧಾನ ಹೇಳಿದ.

ರಸ್ತೆ ಭರ್ಜರಿಯಾಗಿ ಅಗಲವಾಯಿತು. ಅದಾಗಿ ಕೆಲ ವರ್ಷಕ್ಕೆ ಗಣಿಗಳೇ ನಿಂತವು. ಲಾರಿಗಳಿಗಾಗಿ ನಮ್ಮ ಮನೆಯನ್ನೇ ನುಂಗಿದ ರಸ್ತೆಯ ಮೇಲೆ ಆಮೇಲೆ ಬಹಳ ದಿನ ನಾಯಿಗಳು ನೆಮ್ಮದಿಯಾಗಿ ಮಲಗುತ್ತಿದ್ದವು. ಪ್ರೀತಮ್‌ನ ಮನೆಯವರು ಕಾರು ಮಾರಿ ಎಲ್ಲಿಗೋ ಹೋದರು. ಕಾಕಾ ಲಾರಿ ಬಿಟ್ಟು ಈಗ ಹಂಪಿಯಲ್ಲಿ ಆಟೊ ಓಡಿಸುತ್ತಾನೆ. ಕಿವಿ ಸ್ವಚ್ಛವಾದ ಮೇಲೆ ಮದುವೆಯೂ ಆಯಿತು. ಪ್ರವಾಸಿಗರಿಗೆ ಕಲ್ಲಿನ ಕೆತ್ತನೆ ತೋರಿಸುತ್ತ ಒಬ್ಬೊಬ್ಬ ಯೋಧನಿಗೂ ಒಂದೊಂದು ಶಕ್ತಿ ಹೇಳುತ್ತಾನೆ. ಘಾಟಿ, ಬ್ರೇಕು, ಚೆಕ್‌ಪೋಸ್ಟು ಇನ್ನೂ ಅವನ ಕಥೆಗಳಿಂದ ಹೋಗಿಲ್ಲ.

ಹೋದ ದೀಪಾವಳಿಗೆ ನನ್ನ ಮಗಳು ಅಪ್ಪನ ಕೈಯಲ್ಲಿ ಅಟ್ಟದಿಂದ ಡಬ್ಬಿ ಇಳಿಸಿಕೊಂಡಳು. ಯುಕೆಜಿಯಲ್ಲಿದ್ದಾಳೆ, ಪ್ರಶ್ನೆ ಮಾತ್ರ ವಕೀಲರದು. ಕಥೆಯೆಲ್ಲ ಕೇಳಿದ ಮೇಲೆ ಒಂದೇ ಪಟ್ಟು: ಹಳದಿ ಅಕ್ಕನನ್ನು ಹೊರಗೆ ತೆಗೆಯಬೇಕು. ಒಡೆಯುವುದು ಬೇಡವಾದರೆ ದವಾಖಾನೆಗೆ ಒಯ್ದು ಸ್ಕ್ಯಾನ್ ಮಾಡಿಸೋಣ ಎಂದಳು. ನನ್ನ ಗಂಡ ಸುತ್ತಿಗೆಯನ್ನೇ ತಂದು ಪಕ್ಕದಲ್ಲಿಟ್ಟರು. ನಿಜ ಹೇಳುತ್ತೇನೆ, ನನಗೂ ಆಸೆಯಾಯಿತು. ಇಷ್ಟು ವರ್ಷ ಕಾದಿದ್ದೇನೆ, ಅವಳ ಮುಖ ಒಮ್ಮೆಯೂ ನೋಡಿಲ್ಲ. ಬಟ್ಟೆ ಬಿಚ್ಚಿ ಧರ್ಮರಾಯನನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎಲ್ಲಿ ಹೊಡೆದರೆ ಒಳಗಿನವಳಿಗೆ ಪೆಟ್ಟಾಗುವುದಿಲ್ಲ ಎಂದು ತಿರುಗಿಸಿ ನೋಡುವಾಗ, ಹುಡುಗಿಯಾಗಿದ್ದಾಗ ಎಂದೂ ನೋಡದಿದ್ದದ್ದು ಕಂಡಿತು. ಆಗ ನನ್ನ ಕಣ್ಣೆಲ್ಲ ಆ ಹಳದಿ ಬೂಟಿನ ಮೇಲೇ ಇರುತ್ತಿತ್ತು. ಬೆನ್ನ ಮೇಲೆ, ಆ ಕೆಂಪು ಕೆಸರು ಕಲ್ಲಾಗಿ ಒಣಗಿದ ಕಡೆ, ಬೆರಳಿನ ಗುರುತುಗಳಿದ್ದವು. ಹಸಿಯಿದ್ದಾಗ ಒತ್ತಿ ಒತ್ತಿ ಮೆತ್ತಿದ ಗುರುತು; ಹೆಬ್ಬೆರಳಿನದು ಆಳ, ಕಿರುಬೆರಳಿನದು ಅರ್ಧ. ಅಜ್ಜಿಯ ಕಿರುಬೆರಳು ಹಿಂದೆಂದೋ ಮುರಿದು ಸೊಟ್ಟಗಿತ್ತು. ಗುರುತೂ ಸೊಟ್ಟಗಿತ್ತು.

ಅಜ್ಜಿಯದೆಂದು ನಮ್ಮ ಹತ್ತಿರ ಒಂದು ಫೋಟೊ ಕೂಡ ಇಲ್ಲ. ನಾನು ಆ ಗುಳಿಗಳಲ್ಲಿ ನನ್ನ ಬೆರಳುಗಳನ್ನು ಒಂದೊಂದಾಗಿ ಇಟ್ಟೆ. ಸರಿಯಾಗಿ ಕೂತವು, ಕಿರುಬೆರಳು ಬಿಟ್ಟು. ಮಗಳು ತನಗೂ ಬೇಕೆಂದು ಹಟ ಮಾಡಿದಳು. ಅವಳ ಕೈ ಇನ್ನೂ ಚಿಕ್ಕದು, ಬೆರಳು ಗುಳಿಯೊಳಗೆ ಅಡ್ಡಾಡಿದವು. "ಒಡಿಯೋದು ಯಾವಾಗ ಅಮ್ಮಾ?" ಎಂದಳು. "ತಾನಾಗೇ ಬರ್ತಾಳ, ಕಾಯಿ," ಎಂದೆ. ದನಿ ಯಾರದೋ ಅನ್ನಿಸಿತು. ನನ್ನ ಗಂಡ ಸುತ್ತಿಗೆ ಎತ್ತಿಕೊಂಡು ಒಳಗೆ ಹೋದರು. ಆ ಸಂಜೆ ಧರ್ಮರಾಯನಿಗೆ ಒಂದು ಚೆಂಡು ಹೂ ಇಟ್ಟು, ನಮ್ಮ ಫ್ಲಾಟಿನ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದೆ.